ಆಟಕ್ಕೊಂದು ಪರದೆ, ಅಕ್ಷರಕ್ಕೊಂದು ಪರದೆ

ಹೋದ ವಾರ ಇಲಕಲ್ಲಿನಿಂದ ಅಳಿಯನ ಫೋನು. "ಮಾಮಾ, ಮಾನಿಟರ್ ತಗೋಳೋದೈತ್ರಿ. ನನಗ ಗೇಮಿಂಗಿಂದು ಬೇಕು, ಅವ್ವ ಬ್ಯಾಡ ಅಂತಾಳ. ನೀವರ ಹೇಳ್ರಿ."

ಅವನವ್ವ, ಅಂದ್ರೆ ನನ್ನ ಅಕ್ಕ, ಇಲಕಲ್ ಸೀರೆಗೆ ಕಸೂತಿ ಹಾಕುತ್ತಾಳೆ. ಈಗೀಗ ಗೋಪುರ, ತೇರು, ಆನೆ ಎಲ್ಲವನ್ನೂ ಮೊದಲು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ತುಂಬಿ ನೋಡಿ, ಆಮೇಲೆ ಸೂಜಿ ಹಿಡಿಯುತ್ತಾಳೆ. ಲೆಕ್ಕ ಬರೆಯೋದು, ಗಿರಾಕಿಗಳಿಗೆ ಕನ್ನಡದಲ್ಲಿ ಉತ್ತರಿಸೋದು ಎಲ್ಲ ಅದರಲ್ಲೇ. ಎಳೆ ಎಣಿಸಿ ಎಣಿಸಿ ದಣಿದ ಕಣ್ಣು. ದುಡ್ಡಿರೋದು ಒಂದೇ ಮಾನಿಟರಿಗೆ. "ಎರಡು ದಿನ ತಡೀಪಾ, ಹೇಳ್ತೀನಿ" ಅಂದೆ.

ತಡೀಪಾ ಅಂದದ್ದಕ್ಕೆ ಕಾರಣವಿದೆ. ಊರು ಆಲಮಟ್ಟಿ ಹಿನ್ನೀರಿಗೆ ಮುಳುಗಿ ನವನಗರಕ್ಕೆ ಹೋಗುತ್ತಿದ್ದ ಕಾಲದಲ್ಲಿ ನಾನು ಬಾಗಲಕೋಟೆಯಲ್ಲಿ ಡಿಟಿಪಿ ಮಾಡುತ್ತಿದ್ದೆ. 14 ಇಂಚಿನ ದಪ್ಪ ಮಾನಿಟರು. ಒಂದು ಸಮಾರಂಭದ ಆಮಂತ್ರಣದಲ್ಲಿ 'ಬಹುಮಾನ ಪ್ರದಾನ' ಅಂತ ಇರಬೇಕಾದಲ್ಲಿ 'ಬಹುಮಾನ ಪ್ರಧಾನ' ಅಂತ ಬಡಿದುಬಿಟ್ಟೆ. ಮೂರು ಸಲ ತಿದ್ದಿ ನೋಡಿದರೂ ಗೊತ್ತಾಗಲಿಲ್ಲ. ದ ಮತ್ತು ಧ ನಡುವೆ ಇರೋದು ಹೊಟ್ಟೆಯ ಕೆಳಗಿನ ಒಂದು ಸಣ್ಣ ಸೀಳು. ಆ ಪರದೆಯ ಮೇಲೆ ಅದು ಕಾಣಲೇ ಇಲ್ಲ. 300 ಪ್ರತಿ ಅಚ್ಚಾಗಿತ್ತು, ದುಡ್ಡು ನನ್ನ ಕೈಯಿಂದಲೇ ಹೋಯಿತು.

ಅಳಿಯ ಮತ್ತು ಅಕ್ಕನ ಈ ಜಗಳ ಇವತ್ತಿನದಲ್ಲ ಕಣ್ರಿ, ಪಿಸಿ ಹುಟ್ಟಿದ ವರ್ಷದ್ದೇ. 1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ತಂದಾಗ ಪರದೆಗೆ ಎರಡು ಬೇರೆ ಬೇರೆ ಕಾರ್ಡುಗಳನ್ನು ಮಾರಿತು. ಕಚೇರಿ ಕೆಲಸಕ್ಕೆ ಎಂಡಿಎ. ಹಸಿರು ಅಕ್ಷರ, ಅಚ್ಚುಕಟ್ಟು, ಆದರೆ ಚಿತ್ರವೇ ಇಲ್ಲ. ಬಣ್ಣಕ್ಕೆ, ಆಟಕ್ಕೆ ಸಿಜಿಎ. 320x200 ಚುಕ್ಕೆಯಲ್ಲಿ ನಾಲ್ಕು ಬಣ್ಣ, ಅಕ್ಷರ ಮಾತ್ರ ಒರಟೊರಟು. ಎರಡೂ ಬೇಕೆಂದವರು ಎರಡು ಮಾನಿಟರು ಇಟ್ಟುಕೊಳ್ಳಬೇಕಿತ್ತು. ಆ ಹಸಿರು ಪರದೆಯಲ್ಲಿ ಕಣ್ಣಿಗೆ ಮಿಣುಕು ಬಡಿಯದಿರಲಿ ಅಂತ ಬೇಗ ಆರದ ರಂಜಕವನ್ನು ಹಾಕಿದ್ದರು. ಹಾಗಾಗಿ ಸಾಲು ಮೇಲೆ ಸರಿದಾಗ ಹಿಂದೆ ನೆರಳು ಉಳಿಯುತ್ತಿತ್ತು. ಇವತ್ತು ಗೇಮರುಗಳು 'ಘೋಸ್ಟಿಂಗ್' ಅಂತ ಬೈಯುವುದೂ ಇಂಥದೇ ನೆರಳನ್ನು!

ನಮ್ಮಂಥವರಿಗೆ ಇವೆರಡರಲ್ಲಿ ಯಾವುದೂ ಪ್ರಯೋಜನವಿರಲಿಲ್ಲ. ಬಾದಾಮಿಯ ಮೂರನೇ ಗುಹೆಯಲ್ಲಿ ಮಂಗಳೇಶನ ಕನ್ನಡ ಶಾಸನ ಇದೆ, 6ನೇ ಶತಮಾನದ್ದು. ಕಲ್ಲಿನಲ್ಲಿ ಒತ್ತಕ್ಷರಕ್ಕೆ ಎಷ್ಟು ಜಾಗ ಬೇಕೋ ಅಷ್ಟು ಬಿಡುವುದು ಉಳಿ ಹಿಡಿದವನ ಇಷ್ಟ. ಸಿಜಿಎ ಒಂದು ಅಕ್ಷರಕ್ಕೆ ಕೊಟ್ಟದ್ದು ಅಗಲ 8, ಎತ್ತರ 8 ಚುಕ್ಕೆ. ಅದರಲ್ಲಿ 'ಸ್ತ್ರೀ' ಬರೆದು ನೋಡಿ!

ಇಲ್ಲಿ ಒಬ್ಬ ಥಾಯ್ಲೆಂಡಿನವನ ಕತೆ ಹೇಳಲೇಬೇಕು. ವ್ಯಾನ್ ಸುವನ್ನುಕುಲ್ ಅಂತ. ಅಮೆರಿಕದಲ್ಲಿ ಓದುತ್ತಿದ್ದ ಇವನಿಗೆ ತನ್ನ ಪ್ರಬಂಧಕ್ಕೆ ಥಾಯ್ ಅಕ್ಷರ ಬೇಕಾಗಿತ್ತು. ಥಾಯ್ ಲಿಪಿಗೂ ನಮ್ಮಂತೆಯೇ ಮೇಲೆ ಕೆಳಗೆ ಗುರುತುಗಳು. ಎಂಡಿಎ ತನ್ನೊಳಗೆ ಇದ್ದ ಅಕ್ಷರ ಬಿಟ್ಟು ಬೇರೆ ತೋರಿಸದು, ಸಿಜಿಎಗೆ ಚುಕ್ಕೆ ಸಾಲದು. ಸರಿ, ತಾನೇ ಕಾರ್ಡು ಮಾಡಿದ. ಅದೇ 1982ರ ಹರ್ಕ್ಯುಲಿಸ್ ಕಾರ್ಡು. ಆ ಹಸಿರು ಪರದೆಯ ಮೇಲೆಯೇ 720x348 ಚುಕ್ಕೆಗಳನ್ನು ಒಂದೊಂದಾಗಿ ಬೇಕಾದಂತೆ ಹೊತ್ತಿಸಬಹುದು. ತನ್ನ ಲಿಪಿಗಾಗಿ ಮಾಡಿದ್ದು ಲೋಕಕ್ಕೆಲ್ಲ ಆಯಿತು. ನಮ್ಮಲ್ಲೂ ಐಐಟಿ ಕಾನ್ಪುರದಲ್ಲಿ ಶುರುವಾಗಿ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡು ಕನ್ನಡವನ್ನು ಪರದೆಗೆ ತಂದಿತು.

1987ರ ವಿಜಿಎ ಒಂದೇ ಪರದೆಯಲ್ಲಿ ರಾಜಿ ಮಾಡಿಸಿತು. ಕೆಲಸಕ್ಕೆ 640x480, ಆಟಕ್ಕೆ 320x200 ಚುಕ್ಕೆಯಲ್ಲಿ 256 ಬಣ್ಣ. 1993ರ ಡೂಮ್ ಆಟ ಓಡಿದ್ದು ಇದರ ಮೇಲೆಯೇ. 1998ಕ್ಕೆ ಬರಹ ಬಂತು, 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಬಂತು. ಅಷ್ಟರಲ್ಲಿ ತೆಳು ಎಲ್‌ಸಿಡಿ ಬಂದು ಜಗಳ ಮತ್ತೆ ಶುರು. ಅಕ್ಷರ ಸ್ಪಷ್ಟ, ಆದರೆ ಓಡುವ ಚಿತ್ರ ಮಸುಕು. ಆಟದವರು ಹಳೇ ದಪ್ಪ ಡಬ್ಬಿಯನ್ನೇ ಹಿಡಿದು ಕೂತರು. 2012ರ ಹೊತ್ತಿಗೆ 144 ಹರ್ಟ್ಜ್‌ನ ಎಲ್‌ಸಿಡಿ ಬಂದವು. 60 ಹರ್ಟ್ಜ್‌ನಲ್ಲಿ ಒಂದು ಚಿತ್ರ ಸುಮಾರು 17 ಮಿಲಿಸೆಕೆಂಡು ನಿಂತರೆ, 144ರಲ್ಲಿ 7. ಮೊದಲಿಗೆ ಅವು ಟಿಎನ್ ಪರದೆಗಳು, ಓರೆಯಾಗಿ ನೋಡಿದರೆ ಬಣ್ಣವೇ ಬೇರೆ. ಈಗ ಬಣ್ಣ ಕೆಡದ ಐಪಿಎಸ್‌ನಲ್ಲೂ ಆ ವೇಗ ಸಿಗುತ್ತದೆ.

ಅಂದ್ರೆ ರಾಜಿಯ ಕಾಲ ಮತ್ತೆ ಬಂದಿದೆ. ಅಳಿಯನ ಕಣ್ಣಿದ್ದದ್ದು 27 ಇಂಚಿನ, 1920x1080ರ ಒಂದು ಮಾನಿಟರಿನ ಮೇಲೆ. ಬ್ಯಾಡಪಾ ಅಂದೆ. ಅಷ್ಟೇ ಚುಕ್ಕೆಗಳನ್ನು ದೊಡ್ಡ ಹಾಳೆಗೆ ಹರಡಿದರೆ ಇಂಚಿಗೆ ಬರುವುದು ಸುಮಾರು 82. ಅದೇ 24 ಇಂಚಿನಲ್ಲಿ 92. 27 ಇಂಚಿಗೆ 2560x1440 ಆದರೆ 109, ಅಕ್ಕನ ಕಣ್ಣಿಗೆ ಅದೇ ಚಂದ. ಆದರೆ ಚುಕ್ಕೆಗಳು ಮುಕ್ಕಾಲು ಪಾಲು ಹೆಚ್ಚು, ಮಾನಿಟರಿಗೂ ದುಡ್ಡು, ಆಟಕ್ಕೆ ಗ್ರಾಫಿಕ್ಸ್ ಕಾರ್ಡಿಗೂ ದುಡ್ಡು. ಕೊನೆಗೆ 24 ಇಂಚು, ಐಪಿಎಸ್, 144 ಹರ್ಟ್ಜ್ ಅಂತ ಆಯಿತು.

ತಾಯಿ ಮಗ ಹುನಗುಂದ ದಾಟಿ, ಅಮೀನಗಡದ ಕರದಂಟು ಕಟ್ಟಿಸಿಕೊಂಡು ಬಾಗಲಕೋಟೆಗೆ ಬಂದರು. ಅಂಗಡಿಯಲ್ಲಿ ಅಳಿಯ ಮೌಸು ಸರ್ರನೆ ಎಳೆದು ಖುಷಿಪಟ್ಟ. ಹಳೇ ಪೆಟ್ಟು ತಿಂದ ನಾನು 'ಪ್ರದಾನ, ಪ್ರಧಾನ' ಅಂತ ಬಡಿದು "ಅಕ್ಕಾ, ಯಾವುದು ಯಾವುದು?" ಅಂದೆ. ಕನ್ನಡಕ ಸರಿಮಾಡಿಕೊಂಡು "ಎರಡನೇದರ ಹೊಟ್ಟಿ ಸೀಳೈತಿ" ಅಂದಳು. ಆಮೇಲೆ ಸೆರಗಿನ ಫೋಟೋ ತೆಗೆಸಿ, ಎಡಕ್ಕೆ ಬಲಕ್ಕೆ ಬಾಗಿ ಆ ಕೆಂಪನ್ನೂ ಪರೀಕ್ಷೆ ಮಾಡಿದಳು. ನನಗೆ ಹೊಳೆಯದೇ ಇದ್ದ ಪರೀಕ್ಷೆ ಅದು.

ಒಂದು ಮಾತು. ಮನೆಗೆ ತಂದ ಮೇಲೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಹರ್ಟ್ಜ್ ನೋಡಿ. ಎಷ್ಟೋ ಸಲ ಅದು 60ರಲ್ಲೇ ಕೂತಿರುತ್ತದೆ, ಕೊಟ್ಟ ದುಡ್ಡು ದಂಡ.

ನಿಮ್ಮ ಮಾನಿಟರಿನಲ್ಲಿ ಆ ಸೀಳು ಕಾಣುತ್ತದೆಯೇ? ಒಮ್ಮೆ ಬಡಿದು ನೋಡಿ, ಹೇಳಿ.