ಪಾಠ ಬರೆಯುವವರು ಯಾರು?

ಗಣಕಯಂತ್ರದಲ್ಲಿ ಪಾಠ ಎಂದರೆ ಇಂಟರ್ನೆಟ್ ಬಂದ ಮೇಲಿನ ಸಂಗತಿ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಆದರೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್ ಮತ್ತು ಸಂಗಡಿಗರು ‘ಪ್ಲೇಟೋ’ ಎಂಬ ವ್ಯವಸ್ಥೆಯನ್ನು ಆರಂಭಿಸಿದ್ದು 1960ರಲ್ಲಿ. ಆಗ ಒಮ್ಮೆಗೆ ಒಬ್ಬನೇ ವಿದ್ಯಾರ್ಥಿ ಕೂರಬಹುದಿತ್ತು, ಮರುವರ್ಷ ಇಬ್ಬರು.

ವಿದ್ಯಾರ್ಥಿಗೆ ಪರದೆ ಸಿಕ್ಕಿತು, ಸರಿ. ಆದರೆ ಪಾಠ ಸಿದ್ಧಪಡಿಸಲು ಪ್ರೋಗ್ರಾಮಿಂಗ್ ಬಲ್ಲವರೇ ಬೇಕಿತ್ತು. ಈ ಗಂಟನ್ನು ಬಿಡಿಸಿದವರು ಜೀವಶಾಸ್ತ್ರ ಓದುತ್ತಿದ್ದ ಪಾಲ್ ಟೆನ್ಸರ್. 1967ರಲ್ಲಿ ಅವರು ರೂಪಿಸಿದ ‘ಟ್ಯೂಟರ್’ ಭಾಷೆಯಲ್ಲಿ, ವಿಷಯ ಬಲ್ಲ ಅಧ್ಯಾಪಕರೇ ಪಾಠ ಬರೆಯಬಹುದಾಯಿತು. ಒಂದು ಪ್ರಶ್ನೆ; ಸರಿಯುತ್ತರಕ್ಕೆ ಒಂದು ಸಾಲು; ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪಿಗೆ ಇನ್ನೊಂದು ಸಾಲು, ಅದರ ಕೆಳಗೆ ಆ ತಪ್ಪಿಗೆ ತಕ್ಕ ಮಾತು. ಕಾಗುಣಿತ ಸ್ವಲ್ಪ ತಪ್ಪಿದರೂ ಒಪ್ಪಿಕೊಳ್ಳುವಂತೆ ಹೇಳಬಹುದಿತ್ತು. ಮಕ್ಕಳು ಎಲ್ಲಿ ತಪ್ಪುತ್ತಾರೆ ಎಂಬುದು ದಿನವೂ ತರಗತಿಯಲ್ಲಿ ನಿಲ್ಲುವವರಿಗೆ ತಾನೇ ಗೊತ್ತು! 1972ರ ಹೊತ್ತಿಗೆ ಕಿತ್ತಳೆ ಬಣ್ಣದ ಪ್ಲಾಸ್ಮಾ ಪರದೆಯೂ, ಬೆರಳಿನಿಂದ ಮುಟ್ಟಿ ಉತ್ತರಿಸುವ ಸೌಕರ್ಯವೂ ಬಂದವು.

ಅದೇ ದಶಕದಲ್ಲಿ ಮೈಟರ್ ಸಂಸ್ಥೆ ಮತ್ತು ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಸೇರಿ ‘ಟಿಕ್ಕಿಟ್’ ಕಟ್ಟಿದವು. ಇಲ್ಲಿ ತಜ್ಞರ ತಂಡವೇ ಪಾಠಗಳನ್ನು ಒಂದೇ ಅಚ್ಚಿನಲ್ಲಿ ತಯಾರಿಸುತ್ತಿತ್ತು. ಸ್ವಾತಂತ್ರ್ಯವೆಲ್ಲ ವಿದ್ಯಾರ್ಥಿಗೆ: ನಿಯಮ, ಉದಾಹರಣೆ, ಅಭ್ಯಾಸ, ಸುಲಭ, ಕಠಿಣ ಎಂಬ ಕೀಲಿಗಳಲ್ಲಿ ಬೇಕಾದದ್ದನ್ನು ಒತ್ತಬಹುದು. ಪರೀಕ್ಷಿಸಿ ನೋಡಿದಾಗ, ಗಣಿತ ಕೋರ್ಸ್ ಮುಗಿಸಿದವರು ಚೆನ್ನಾಗಿಯೇ ಕಲಿತಿದ್ದರು. ಆದರೆ ಮುಗಿಸಿದವರೇ ಕಡಿಮೆ. ಪ್ಲೇಟೋವನ್ನು ಅಧ್ಯಾಪಕರೂ ವಿದ್ಯಾರ್ಥಿಗಳೂ ಮೆಚ್ಚಿದರು, ಆದರೆ ಒಟ್ಟಾರೆ ಅಂಕಗಳಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಇದೇ ಸರಿ ಎಂದು ಎರಡರಲ್ಲಿ ಒಂದನ್ನು ಎತ್ತಿ ಹಿಡಿಯುವಂತಿಲ್ಲ. ಆದರೂ ನಮ್ಮ ಒಲವು ಟೆನ್ಸರ್ ಕಡೆಗೆ.

ಕಾರಣವಿದೆ. 2020ರ ಜೂನ್ 1ರಂದು ಕೇರಳದಲ್ಲಿ ‘ಫಸ್ಟ್ ಬೆಲ್’ ಪಾಠಗಳು ಆರಂಭವಾದವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದ ಪಾಠಗಳು ಬೇಕಾದವು. ಅವುಗಳಿಗಾಗಿ ದುಡಿದವರು ಇಲ್ಲಿನ ಅಧ್ಯಾಪಕರು. ಮಲಯಾಳದ ಪಾಠಕ್ಕೆ ಕನ್ನಡದ ಧ್ವನಿ ಸೇರಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ತುಳು ಮನೆಮಾತಿನ ಮಗು ‘ಧನ’ವನ್ನು ‘ದನ’ ಎಂದು ಬರೆದಾಗ ಏನು ಹೇಳಬೇಕು ಎಂಬುದು ಆ ಮಲಯಾಳ ಪಾಠದಲ್ಲಿ ಎಲ್ಲಿರುತ್ತದೆ? ಟ್ಯೂಟರ್‌ನಲ್ಲಾದರೆ ಅದಕ್ಕೊಂದು ಸಾಲನ್ನು ನಾವೇ ಸೇರಿಸಬಹುದಿತ್ತು.