ತೂಕಕ್ಕೆ ಹೋದ ಹಿತ್ತಾಳೆ, ಕಥೆಯಾಗಿ ವಾಪಸ್ ಬಂತು

ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಕೇಳ್ತಿದ್ದರೆ ಆಮೇಲೆ ಒಂದು ಕೆಲಸ ಮಾಡಿ. ಇನ್‌ಸ್ಟಾಗ್ರಾಂ ತೆಗೆದು 'ವಿಂಟೇಜ್ ಬ್ರಾಸ್' ಅಂತ ಹುಡುಕಿ. ಹಂಡೆ, ಬಿಂದಿಗೆ, ತಪ್ಪಲೆ, ಉರುಳಿ, ಉಪ್ಪಿನಕಾಯಿ ಜಾಡಿ, ಕಾಫಿ ಫಿಲ್ಟರ್, ಎಲ್ಲ ಸಾಲಾಗಿ ಬರುತ್ತೆ. ಹಿಂದೆ ಒಂದು ಬಿಳಿ ಗೋಡೆ, ಪಕ್ಕದಲ್ಲಿ ನಾಲ್ಕು ಒಣಮೆಣಸಿನಕಾಯಿ. ಕೆಳಗೆ 'ಒಂದೇ ಪೀಸ್ ಇದೆ, ರೇಟ್‌ಗೆ ಡಿಎಂ ಮಾಡಿ' ಅಂತ ಒಂದು ಸಾಲು.

ಇವತ್ತಿನ ಪ್ರಶ್ನೆ ಇದು. ಇಷ್ಟೊಂದು ಹಳೇ ಪಾತ್ರೆಗಳು ಮಾರುಕಟ್ಟೆಗೆ ಬಂದಿದ್ದು ಎಲ್ಲಿಂದ? ಉತ್ತರ ಸಿಂಪಲ್. ನಮ್ಮ ಮನೆಗಳಿಂದಲೇ. ನಮ್ಮ ಅಜ್ಜಿಯರ ಅಡುಗೆಮನೆಯಿಂದ ತಕ್ಕಡಿಯಲ್ಲಿ ತೂಗಿ ಹೊರಗೆ ಹೋದ ಲೋಹ, ಈಗ ಬಬಲ್ ರ‍್ಯಾಪ್‌ನಲ್ಲಿ ಸುತ್ತಿಕೊಂಡು ಮೊಮ್ಮಕ್ಕಳ ಫ್ಲ್ಯಾಟ್‌ಗೆ ವಾಪಸ್ ಬರ್ತಿದೆ. ಹೋಗುವಾಗ ತೂಕಕ್ಕೆ ಬೆಲೆ ಇತ್ತು. ಬರುವಾಗ ಕಥೆಗೆ ಬೆಲೆ. ಆ ಕಥೆ ನಿಜವಾ ಅಂತ ತಿಳ್ಕೊಳ್ಳೋದು ಹೇಗೆ ಅನ್ನೋದೇ ಈ ಎಪಿಸೋಡ್.

ಅಡುಗೆಮನೆಯ ಬ್ಯಾಂಕು

ನಾನು ಓದಿದ್ದು ಬಿಕಾಂ. ಹಾಗಾಗಿ ಪಾತ್ರೆ ನೋಡಿದರೆ ಮೊದಲು ಅದು ಆಸ್ತಿಯಾ, ಖರ್ಚಾ ಅಂತ ಯೋಚನೆ ಬರುತ್ತೆ. ಎರಡು-ಮೂರು ತಲೆಮಾರಿನ ಹಿಂದೆ ಹಿತ್ತಾಳೆ, ತಾಮ್ರ, ಕಂಚು ಖಂಡಿತ ಆಸ್ತಿಯೇ ಆಗಿತ್ತು. ಹೆಣ್ಣುಮಗಳಿಗೆ ತವರಿನಿಂದ ಜಮೀನು ಸಿಗ್ತಿದ್ದದ್ದು ಅಪರೂಪ. ಒಡವೆ ಮತ್ತು ಪಾತ್ರೆ ಸಿಗ್ತಿತ್ತು. ಕಷ್ಟ ಬಂದಾಗ ಒಂದು ಕೊಡವನ್ನೋ ಹಂಡೆಯನ್ನೋ ಅಡ ಇಟ್ಟು ದುಡ್ಡು ತರಬಹುದಿತ್ತು. ಮಳೆ ಬಂದ ವರ್ಷ ಬಿಡಿಸಿಕೊಳ್ಳಬಹುದಿತ್ತು. ತೂತು ಬಿದ್ದರೂ ಲೋಹದ ಬೆಲೆ ಹೋಗಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದು ಒಳ್ಳೆ ಲಿಕ್ವಿಡ್ ಅಸೆಟ್.

ಆದರೆ ಈ ಆಸ್ತಿಗೆ ಮೇಂಟೆನೆನ್ಸ್ ಜಾಸ್ತಿ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಅದರಲ್ಲಿ ಹುಣಸೆಹುಳಿ ಹಾಕಿ ಸಾರು ಕುದಿಸಿದರೆ ತಾಮ್ರ ಅಡುಗೆಗೆ ಇಳಿಯುತ್ತೆ, ಕಿಲುಬು ಹತ್ತುತ್ತೆ, ತಿಂದವರಿಗೆ ವಾಂತಿ ಬರುತ್ತೆ. ಅದಕ್ಕೇ ಒಳಗಡೆ ತವರದ ಲೇಪ, ಅಂದರೆ ಕಲಾಯಿ ಬೇಕು. ಕಲಾಯಿ ಹಾಕೋರು ಬೀದಿಯಲ್ಲೇ ತಿದಿ ಹೂಡಿ, ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರದ ಕಡ್ಡಿ ತಾಗಿಸಿ, ಬಟ್ಟೆಯಿಂದ ಒಂದೇ ಸಲ ಸುತ್ತ ಒರೆಸ್ತಿದ್ದರು. ಪಾತ್ರೆ ಬೆಳ್ಳಿ ಥರ ಹೊಳೀತಿತ್ತು. ಕೆಲವು ತಿಂಗಳು ಕಳೆದರೆ ಮತ್ತೆ ಕಲಾಯಿ. ದಿನಾ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕೋದು ಬೇರೆ. ಆ ತಿಕ್ಕುವ ಕೈ ಯಾರದ್ದು ಅಂತ ಹೇಳಬೇಕಾಗಿಲ್ಲ.

ಅಲ್ಯೂಮಿನಿಯಂ ಬಂತು, ಆಮೇಲೆ ಸ್ಟೀಲ್

ಮೊದಲ ಪೆಟ್ಟು ಕೊಟ್ಟಿದ್ದು ಅಲ್ಯೂಮಿನಿಯಂ. ಇಲ್ಲಿ ನಮಗೂ ಸಂಬಂಧ ಇರುವ ಒಬ್ಬ ಮನುಷ್ಯ ಬರ್ತಾರೆ, ಆಲ್ಫ್ರೆಡ್ ಚಾಟರ್ಟನ್ ಅಂತ. 1898ರಲ್ಲಿ ಮದರಾಸಿನ ಸ್ಕೂಲ್ ಆಫ್ ಆರ್ಟ್ಸ್‌ನಲ್ಲಿ ಅವರು ಅಲ್ಯೂಮಿನಿಯಂ ಪಾತ್ರೆ ಮಾಡಿಸೋಕೆ ಶುರು ಮಾಡಿದರು. ಲೋಹ ಹೊಸದು, ಆದರೆ ತಗಡು ಬಡಿಯುವ ಕೆಲಸ ಹಳೇದೇ, ಕಂಚುಗಾರರ ಕೈಗೆ ಗೊತ್ತಿದ್ದದ್ದೇ. ಕೆಲವೇ ವರ್ಷಗಳಲ್ಲಿ ಆ ಉದ್ಯಮ ಖಾಸಗಿ ಕಂಪನಿಯ ಕೈಗೆ ಹೋಯಿತು. ಇದೇ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನಕ್ಕೆ ಬಂದು ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾದರು. ಅಂದರೆ ಭಾರತದಲ್ಲಿ ಅಲ್ಯೂಮಿನಿಯಂ ಪಾತ್ರೆ ಶುರುವಾಗಿದ್ದು ಕೈಕೆಲಸವಾಗಿ. ಯಂತ್ರದಲ್ಲಿ ಒತ್ತಿದ ಪಾತ್ರೆ ಹೆಚ್ಚಾದ ಮೇಲೆ ಸುತ್ತಿಗೆಯ ಕೆಲಸ ಕಡಿಮೆಯಾಯಿತು.

ದೊಡ್ಡ ಪೆಟ್ಟು ಸ್ಟೇನ್‌ಲೆಸ್ ಸ್ಟೀಲ್‌ನದ್ದು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 1913ರಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ತಯಾರಿಸಿದರು. ನಮ್ಮ ಕಡೆ ಅದಕ್ಕೆ ಎವರ್‌ಸಿಲ್ವರ್ ಅಂತ ಹೆಸರು ಬಂತು. ಎಂದೂ ಮಾಸದ ಬೆಳ್ಳಿ! ಕಲಾಯಿ ಬೇಡ, ಹುಣಸೆಹಣ್ಣು ಬೇಡ, ಸಾರು ಕೆಡಲ್ಲ. 1965ರಲ್ಲಿ ಇಂಡೇನ್ ಗ್ಯಾಸ್ ಬಂತು. ಸೌದೆ ಒಲೆಯ ಮೇಲೆ ಗಟ್ಟಿಯಾಗಿ ಕೂರುವ ದುಂಡು ತಳದ ಪಾತ್ರೆ ಗ್ಯಾಸ್ ಸ್ಟವ್ ಮೇಲೆ ಅಲ್ಲಾಡುತ್ತೆ. ಪ್ರೆಶರ್ ಕುಕ್ಕರ್ ಬಂದ ಮೇಲಂತೂ ದೊಡ್ಡ ತಪ್ಪಲೆಗೆ ಕೆಲಸವೇ ಇಲ್ಲ. 1980ರ ದಶಕದ ಆರಂಭದಲ್ಲಿ ಪಕ್ಕದ ಸೇಲಂನ ಸರ್ಕಾರಿ ಕಾರ್ಖಾನೆಯಿಂದಲೂ ಸ್ಟೇನ್‌ಲೆಸ್ ಸ್ಟೀಲ್ ಹಾಳೆ ಬರೋಕೆ ಶುರುವಾಯಿತು.

ಆಗ ಎಕ್ಸ್‌ಚೇಂಜ್ ಕಾಲ ಜೋರಾಯಿತು. ಹಳೇ ಬಟ್ಟೆ, ಜರತಾರಿ ಸೀರೆ ಕೊಟ್ಟರೆ ಸ್ಟೀಲ್ ಡಬ್ಬಿ. ಹಿತ್ತಾಳೆ ಪಾತ್ರೆಯನ್ನ ಪಾತ್ರೆ ಅಂಗಡಿಗೆ ಒಯ್ದರೆ ಕಿಲೋ ಲೆಕ್ಕದಲ್ಲಿ ತೂಗಿ, ಅಷ್ಟು ದುಡ್ಡಿಗೆ ಸ್ಟೀಲ್ ಸಾಮಾನು. ಒಂದು ಹಂಡೆ ಹೋಗಿ ಅಡುಗೆಮನೆ ತುಂಬ ಡಬ್ಬಿ ಬಂತು. ಒಂದಿಷ್ಟು ಹಿತ್ತಾಳೆ ಕುಲುಮೆಗೆ ಹೋಗಿ ಕರಗಿತು. ಒಂದಿಷ್ಟು ಗುಜರಿ ಅಂಗಡಿಗಳಲ್ಲಿ, ಹಳೇ ಸಾಮಾನಿನ ವ್ಯಾಪಾರಿಗಳ ಗೋಡೌನ್‌ನಲ್ಲಿ ಉಳೀತು.

'ಅಜ್ಜಿ ಎಂಥಾ ಚಿನ್ನದಂಥ ಸಾಮಾನು ಕೊಟ್ಟುಬಿಟ್ಟರು' ಅಂತ ಈಗ ರೀಲ್ಸ್ ಕೆಳಗೆ ಕಾಮೆಂಟ್ ಹಾಕ್ತೀವಿ. ದಯವಿಟ್ಟು ಬೇಡ. ದಿನಕ್ಕೆ ಒಂದು ಗಂಟೆ ತಿಕ್ಕೋದು ತಪ್ಪುತ್ತೆ ಅಂದರೆ ಅವರು ಮಾಡಿದ್ದು ಸರಿಯಾದ ವ್ಯವಹಾರ. ತೂಕದಲ್ಲಿ ನಷ್ಟವಾಗಿರಬಹುದು, ಸಮಯದಲ್ಲಿ ಲಾಭವಾಯಿತು.

ಪಾತ್ರೆ ಓದೋದು ಹೇಗೆ

ಈಗ ಆನ್‌ಲೈನ್ ಅಂಗಡಿಗೆ ಬರೋಣ. ಮನೆಯಿಂದಲೇ ನಡೆಸುವ ಸಣ್ಣ ಪೇಜ್‌ಗಳು, ಊರೂರು ಸುತ್ತಿ ಹುಡುಕಿ ತರೋರು, ತಮಿಳುನಾಡಿನ ಕಾರೈಕುಡಿಯ ಹಳೇ ಸಾಮಾನಿನ ಬೀದಿಗಳಿಂದ ತರಿಸಿ ಮಾರೋರು, ಹೀಗೆ ಎಲ್ಲರೂ ಇದ್ದಾರೆ. ಪ್ರಾಮಾಣಿಕರು ಬೇಕಾದಷ್ಟು ಜನ. ಆದರೂ 'ವಿಂಟೇಜ್' ಅನ್ನೋ ಪದ ಬರೆದ ಮಾತ್ರಕ್ಕೆ ಏನೂ ಸಾಬೀತಾಗಲ್ಲ. ಸಾಕ್ಷಿ ಪಾತ್ರೆಯ ಮೇಲೇ ಇರುತ್ತೆ. ಫೋಟೋ ಕೇಳುವಾಗ ತಳ, ಒಳಭಾಗ, ಬೆಸುಗೆ, ಈ ಮೂರನ್ನೂ ಕೇಳಿ.

ಮೊದಲು ಬೆಸುಗೆ. ತಗಡು ಬಡಿದು ಮಾಡಿದ ಹಳೇ ಕೊಡ, ಹಂಡೆಗಳನ್ನ ಎರಡು-ಮೂರು ಭಾಗ ಮಾಡಿ ಜೋಡಿಸ್ತಿದ್ದರು. ಜೋಡಿಸಿದ ಕಡೆ ಹಲ್ಲುಹಲ್ಲಾಗಿ ಒಂದರೊಳಗೊಂದು ಕೂತ ಗೆರೆ ಕಾಣುತ್ತೆ. ಅದು ಕೈಕೆಲಸದ ಗುರುತು. ಸುತ್ತಿಗೆ ಏಟಿನ ಗುರುತು ಎಲ್ಲ ಕಡೆ ಒಂದೇ ಅಳತೆಯಲ್ಲಿ, ಒಂದೇ ಅಂತರದಲ್ಲಿದ್ದರೆ ಯಂತ್ರದಲ್ಲಿ ಒತ್ತಿದ ಡಿಸೈನ್ ಇರಬಹುದು ಅಂತ ಅನುಮಾನಪಡಿ. ಉರುಳಿಯಂಥ ಎರಕದ ಪಾತ್ರೆಗೆ ಬೆಸುಗೆ ಇರಲ್ಲ, ತೂಕ ಜಾಸ್ತಿ. ಕೈಗೆ ಬಂದ ಮೇಲೆ ಆಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಒಳಗಿರೋದು ಕಬ್ಬಿಣ, ಮೇಲೆ ಬರೀ ಬಣ್ಣ.

ಎರಡನೇದು, ಅಳತೆ. ಸೇರು, ಪಾವು ಅಳೆಯುವ ಮಾನಗಳನ್ನ ಈಗ ಪೆನ್ ಸ್ಟ್ಯಾಂಡ್ ಮಾಡ್ಕೊಳ್ಳೋಕೆ ಕೊಳ್ತಾರೆ. ಭಾರತದಲ್ಲಿ ಮೆಟ್ರಿಕ್ ಪದ್ಧತಿಗೆ 1956ರಲ್ಲಿ ಕಾಯ್ದೆ ಬಂತು. 1958ರಿಂದ 1962ರ ಒಳಗೆ ಹಂತಹಂತವಾಗಿ ಜಾರಿಯಾಯಿತು. ಹಾಗಾಗಿ ಲೀಟರ್ ಗುರುತು ಒತ್ತಿದ ಮಾನವನ್ನ 'ಬ್ರಿಟಿಷರ ಕಾಲದ್ದು' ಅಂತ ಮಾರ್ತಿದ್ದರೆ ನಕ್ಕು ಮುಂದಕ್ಕೆ ಸ್ಕ್ರೋಲ್ ಮಾಡಿ.

ಮೂರನೇದು, ತಳದ ಮುದ್ರೆ. ಎನಾಮೆಲ್ ಬಟ್ಟಲು, ಟಿಫಿನ್ ಕ್ಯಾರಿಯರ್ ತಳದಲ್ಲಿ ದೇಶದ ಹೆಸರು ಇರುತ್ತೆ. 'ಮೇಡ್ ಇನ್ ಚೆಕೊಸ್ಲೊವಾಕಿಯಾ' ಅಂತ ಇದ್ದರೆ ಖುಷಿಪಡಿ. ಆ ದೇಶ ಹುಟ್ಟಿದ್ದು 1918ರಲ್ಲಿ, ಎರಡಾಗಿ ಒಡೆದದ್ದು 1992ರ ಕೊನೆಗೆ. ಮುದ್ರೆ ಅಸಲಿಯಾಗಿದ್ದರೆ ಪಾತ್ರೆಯೂ ಆ ನಡುವಿನದ್ದೇ. ಅದನ್ನೇ '150 ವರ್ಷ ಹಳೇದು' ಅಂದರೆ, ದೇಶಕ್ಕಿಂತ ಬಟ್ಟಲು ಮೊದಲು ಹುಟ್ಟಿತಾ ಅಂತ ಕೇಳಿ.

ಕಾನೂನಿನ ಮಾತೂ ಇದೆ. ವಿದೇಶದಲ್ಲಿರುವ ಕೇಳುಗರು ಗಮನಿಸಿ. 1972ರ ಪ್ರಾಚೀನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಕಲಾಕೃತಿ, ಕುಶಲಕೆಲಸದ ವಸ್ತು ಪ್ರಾಚೀನ ವಸ್ತುವಿನ ಲೆಕ್ಕಕ್ಕೆ ಬರಬಹುದು. ಪ್ರಾಚೀನ ವಸ್ತುವಿನ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ಅದನ್ನ ದೇಶದಿಂದ ಹೊರಗೆ ಕಳಿಸೋ ಹಾಗಿಲ್ಲ. ಹಾಗಾಗಿ 'ಶತಮಾನ ಹಳೇದು, ವರ್ಲ್ಡ್‌ವೈಡ್ ಶಿಪ್ಪಿಂಗ್' ಅಂತ ಒಂದೇ ಪೋಸ್ಟ್‌ನಲ್ಲಿ ಇದ್ದರೆ ಎರಡರಲ್ಲಿ ಒಂದು: ವಯಸ್ಸು ಸುಳ್ಳು, ಇಲ್ಲ ಕಾನೂನಿನ ತೊಂದರೆ. ಅನುಮಾನ ಇದ್ದಾಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 'ಇದು ಪ್ರಾಚೀನ ವಸ್ತು ಅಲ್ಲ' ಅನ್ನೋ ಪ್ರಮಾಣಪತ್ರ ಕೊಡುತ್ತೆ. ಮಾರೋರ ಹತ್ತಿರ ಅದನ್ನ ಕೇಳಿ.

ಗುಡ್‌ವಿಲ್ ಎಷ್ಟು?

ಇನ್ನು ರೇಟು. ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಅಂತ ಇದೆ. ಒಂದು ಕಂಪನಿಯ ನಿಜ ಆಸ್ತಿಗಿಂತ ಮೇಲೆ ಕೊಡುವ ದುಡ್ಡು ಅದು. ಪಾತ್ರೆಗೂ ಅದೇ ಲೆಕ್ಕ ಹಾಕಿ. ತೂಕ ಎಷ್ಟು ಅಂತ ಕೇಳಿ. ಅವತ್ತಿನ ಹಿತ್ತಾಳೆ ರೇಟಿಗೆ ಗುಣಿಸಿ. ಕೇಳಿದ ಬೆಲೆಯಿಂದ ಅದನ್ನ ಕಳೆಯಿರಿ. ಉಳಿದದ್ದು ನೀವು ಕಥೆಗೆ, ಕೈಕೆಲಸಕ್ಕೆ, ಹುಡುಕಿ ತಂದ ಶ್ರಮಕ್ಕೆ ಕೊಡ್ತಿರೋ ದುಡ್ಡು. ಜಾಸ್ತಿಯಿದ್ದರೆ ತಪ್ಪೇನಿಲ್ಲ, ಆದರೆ ಯಾವುದಕ್ಕೆ ಕೊಡ್ತಿದ್ದೀವಿ ಅಂತ ಗೊತ್ತಿರಬೇಕು. ತೂಕ ಹೇಳೋಕೆ ಹಿಂದೆಮುಂದೆ ನೋಡೋರ ಹತ್ತಿರ ನಾನಂತೂ ಕೊಳ್ಳಲ್ಲ.

ಅಡುಗೆಗೇ ಬಳಸ್ತೀರಾ ಅಂದರೆ ಇನ್ನೆರಡು ಪ್ರಶ್ನೆ. ಕಲಾಯಿ ಹಾಕಿದೆಯಾ? ಹಾಕಿದ್ದು ತವರನಾ, ಸೀಸ ಬೆರೆತಿದೆಯಾ? ಸೀಸ ವಿಷ. ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ನಂಬಿಕೆ ಇಲ್ಲದಿದ್ದರೆ ಆ ಪಾತ್ರೆಯಲ್ಲಿ ಗಿಡ ಇಡಿ, ಸಾರು ಬೇಡ. ಕಲಾಯಿ ಪಾತ್ರೆಯನ್ನ ಖಾಲಿ ಕಾಯಿಸಬೇಡಿ. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತೆ.

ಕಥೆಗೆ ಕೊಡುವ ದುಡ್ಡು ಎಲ್ಲ ಹಳೇ ಸಾಮಾನಿಗೇ ಹೋದರೆ, ಇವತ್ತು ಸುತ್ತಿಗೆ ಹಿಡಿದಿರೋರಿಗೆ ಏನು ಸಿಗುತ್ತೆ? ಪಂಜಾಬಿನ ಜಂಡಿಯಾಲಾ ಗುರು ಊರಿನ ಠಠೇರರು ಇವತ್ತಿಗೂ ತಾಮ್ರ, ಹಿತ್ತಾಳೆ ಪಾತ್ರೆ ಬಡಿದು ಮಾಡಿ, ಮರಳು ಮತ್ತು ಹುಣಸೆ ರಸದಿಂದಲೇ ಹೊಳಪು ಕೊಡ್ತಾರೆ. 2014ರಲ್ಲಿ ಯುನೆಸ್ಕೋ ಆ ಕೆಲಸವನ್ನ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಲೋಹದ ಕೆಲಸಕ್ಕೆ ಹೆಸರಾದ ನಾಗಮಂಗಲ ಇದೆ. ಬಳಪದ ಕಲ್ಲಿನ ಪಾತ್ರೆ ಕೆತ್ತೋರು, ಮಡಕೆ ಮಾಡೋರು ಇದ್ದಾರೆ. ಹೊಸದಾಗಿ ಮಾಡಿದ ಪಾತ್ರೆಗೆ ಸುಳ್ಳು ವಯಸ್ಸು ಹೇಳೋ ಅಗತ್ಯವೇ ಇಲ್ಲ. ಮಾರೋರ ಹತ್ತಿರ 'ಮಾಡಿದ್ದು ಯಾರು, ಯಾವ ಊರು' ಅಂತ ಕೇಳಿ. ಉತ್ತರ ಗೊತ್ತಿರುವ ಅಂಗಡಿಗೆ ಮತ್ತೆ ಹೋಗಿ.

ಅಳಿಸಬಾರದ ಅಕ್ಷರ

ಕೊನೆಗೆ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋ ವಿಷಯ. ನಮ್ಮ ಪಾತ್ರೆಗಳ ಮೇಲೆ ಹೆಸರು ಹಾಕಿಸುವ ಪದ್ಧತಿ ಇದೆ. ಮದುವೆಗೆ ಊರವರ ಪಾತ್ರೆ ಎರವಲು ತರ್ತಿದ್ದರು, ವಾಪಸ್ ಕೊಡುವಾಗ ಅದಲುಬದಲು ಆಗಬಾರದು ಅಂತ ಹೆಸರು. ಯಾರ ಮದುವೆಗೆ ಯಾರು ಕೊಟ್ಟದ್ದು, ಯಾವ ತಾರೀಕು ಅಂತ ಉಡುಗೊರೆಯ ಲೆಕ್ಕಕ್ಕೂ ಹೆಸರು. ಹಳೇದರಲ್ಲಿ ಉಳಿಯಿಂದ ಚುಕ್ಕಿಚುಕ್ಕಿಯಾಗಿ ಹೊಡೆದ ಅಕ್ಷರ, ಆಮೇಲಿನದರಲ್ಲಿ ಕರೆಂಟ್ ಮಿಷಿನ್‌ನಲ್ಲಿ ಗೀಚಿದ ಅಕ್ಷರ.

ಯೋಚನೆ ಮಾಡಿ. ಜಮೀನಿನ ಪತ್ರದಲ್ಲಿ ಹೆಸರಿಲ್ಲದ, ಶಾಲೆ ದಾಖಲಾತಿಯಲ್ಲೂ ಹೆಸರಿಲ್ಲದ ಎಷ್ಟೋ ಹೆಂಗಸರ ಹೆಸರು ಒಂದು ಚೊಂಬಿನ ಕಂಠದ ಮೇಲೆ ಇರುತ್ತೆ. ಅದೇ ಅವರ ದಾಖಲೆ. ಮಾರೋಕೆ ಮುಂಚೆ ಬಫಿಂಗ್ ಮಾಡಿಸಿ ಹೊಳಪು ತಂದಾಗ ಮೊದಲು ಸವೆಯೋದು ಆ ತೆಳು ಅಕ್ಷರಗಳೇ. ಹೆಸರು ಇದ್ದರೆ 'ಸೆಕೆಂಡ್ ಹ್ಯಾಂಡ್' ಥರ ಕಾಣುತ್ತೆ ಅಂತ ಕೊಳ್ಳೋರೂ ಅಳಿಸಿ ಅಂತಾರೆ. ಹಳೇದು ಅಂತಲೇ ದುಡ್ಡು ಕೊಟ್ಟು, ಹಳೇದಕ್ಕೆ ಇದ್ದ ಒಂದೇ ಪುರಾವೆಯನ್ನ ನಾವೇ ತಿಕ್ಕಿ ತೆಗೀತೀವಿ.

ಹಾಗಾಗಿ ಒಂದು ಕೋರಿಕೆ. ಹೆಸರಿರುವ ಪಾತ್ರೆ ಸಿಕ್ಕರೆ ಪಾಲಿಶ್ ಬೇಡ, ಹಾಗೇ ಕಳಿಸಿ ಅನ್ನಿ. ಅದನ್ನ ಎಲ್ಲಿಂದ ತಂದರು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಅದಕ್ಕೂ ಮುಂಚೆ ನಿಮ್ಮ ಮನೆ ಅಟ್ಟ ನೋಡಿ. ಸ್ಟೀಲ್ ಲೋಟವಾದರೂ ಪರವಾಗಿಲ್ಲ, ಅದರ ಮೇಲಿರುವ ಹೆಸರು ಯಾರದ್ದು ಅಂತ ಮನೆಯ ಹಿರಿಯರನ್ನ ಕೇಳಿ. ಅವರು ಮಾತಾಡುವಾಗ ಫೋನಿನ ರೆಕಾರ್ಡರ್ ಆನ್ ಮಾಡಿ. ಆ ಹೆಸರಿನ ಹಿಂದಿನ ಕಥೆ ಯಾವ ಪೇಜ್‌ನಲ್ಲೂ ಮಾರಾಟಕ್ಕಿಲ್ಲ, ಹೇಳೋರು ಇರೋವರೆಗೆ ಮಾತ್ರ ಸಿಗುತ್ತೆ.

ಸಿಕ್ಕಿದ ಹೆಸರು, ತಾರೀಕಿನ ಫೋಟೋ ನಮಗೂ ಕಳಿಸಿ.