ಕಟ್ಟಿಸಿದವನೇ ಸೆರೆಯಾದ ಕೋಟೆ

ಆಮ್‌ಸ್ಟರ್‌ಡಾಮ್ ಸಮೀಪ ವೆಖ್ಟ್ ನದಿ ಮುಖದಲ್ಲಿರುವ ಮೌಡರ್‌ಸ್ಲಾಟ್ ಇಟ್ಟಿಗೆಯ ಕೋಟೆ. ಸುತ್ತಲೂ ನೀರು ತುಂಬಿದ ಕಂದಕ. ಸುಮಾರು 1285ರಲ್ಲಿ ಇಲ್ಲಿ ಮೊದಲ ಕೋಟೆ ಕಟ್ಟಿಸಿದವನು ಹಾಲೆಂಡಿನ ದೊರೆ ಐದನೇ ಫ್ಲೋರಿಸ್. ಉಟ್ರೆಕ್ಟ್‌ಗೆ ಸಾಗುವ ದೋಣಿಗಳಿಂದ ಸುಂಕ ವಸೂಲಿಗೆ ಇದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ.

1296ರಲ್ಲಿ ಅವನ ಸಾಮಂತರೇ ಅವನನ್ನು ಹಿಡಿದು ಇಲ್ಲೇ ಕೂಡಿಹಾಕಿದರು. ಹೊರಗಿನವರನ್ನು ತಡೆಯಲು ತೋಡಿಸಿದ ಕಂದಕ ಅವನಿಗೇ ಸೆರೆಯಾಯಿತು. ಬೇರೆಡೆಗೆ ಸಾಗಿಸುವಾಗ ಜನ ಅಡ್ಡಗಟ್ಟಿದರು. ಸಾಮಂತರು ಅವನನ್ನು ಕೊಂದೇಬಿಟ್ಟರು. ಕೋಟೆಯೂ ನೆಲಸಮವಾಯಿತು. ಈಗಿರುವುದು 1370ರ ನಂತರ ಹಳೆಯ ನಕ್ಷೆಯಂತೆಯೇ ಎದ್ದದ್ದು.

1609ರಲ್ಲಿ ಅಧಿಕಾರಿಯಾಗಿ ಬಂದ ಕವಿ ಹೋಫ್ಟ್ ಆ ಕೊಲೆಯ ಮೇಲೆ ನಾಟಕ ಬರೆದ. ಅದಕ್ಕಿಟ್ಟದ್ದು ಮಾತ್ರ ದೊರೆಯ ಹೆಸರಲ್ಲ, ಸಂಚುಗಾರನೊಬ್ಬನ ಹೆಸರು!

1825ರಲ್ಲಿ ಕೆಡವಲೆಂದು ಮಾರಾಟಕ್ಕಿಟ್ಟಾಗ ರಾಜ ಒಂದನೇ ವಿಲ್ಲೆಮ್ ತಡೆದ. ಪ್ರವಾಸಿಗರು ಮಧ್ಯಯುಗದ್ದೆಂದು ಮೂಸಿ ನೋಡುವ ಮೂಲಿಕೆ ತೋಟ ಫ್ಲೋರಿಸನ ಕಾಲದ್ದಲ್ಲ. ಹೋಫ್ಟ್‌ನ ಶತಮಾನದ ಮಾದರಿಯಲ್ಲಿ ಇತ್ತೀಚೆಗೆ ನೆಟ್ಟದ್ದು.